ಬೆಂಕಿ ಬಿದ್ದಾಗ ಬಾವಿ ಮುಚ್ಚಬೇಡಿ: ವೈರಿ ರಾಷ್ಟ್ರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಪರಸ್ಪರ ವೈರದಲ್ಲಿರುವ ರಾಷ್ಟ್ರಗಳ ವಿದೇಶಾಂಗ ಸಚಿವರು, ರಕ್ಷಣಾ ಸಚಿವರು ಹಾಗೂ ಸೇನಾ ಮುಖ್ಯಸ್ಥರಿಗೆ

ವಿಷಯ: ಬಿಕ್ಕಟ್ಟಿನ ವೇಳೆ ನೇರ ಸಂಪರ್ಕ, ಪೂರ್ವಸೂಚನೆ ಮತ್ತು ತಪಾಸಣೆಯ ಏರ್ಪಾಡುಗಳನ್ನು ನಿಲ್ಲಿಸದಿರುವ ಕುರಿತು

ಮಾನ್ಯರೇ,

ತಾವೆಲ್ಲ ಸ್ನೇಹಿತರಾಗಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಗಡಿ ತಂಟೆ, ಹಳೆಯ ಯುದ್ಧಗಳ ಲೆಕ್ಕ, ಸಿದ್ಧಾಂತದ ಜಗಳ, ಸಮುದ್ರದ ಪಾಲು ಇವೆಲ್ಲ ಒಂದು ಪತ್ರದಿಂದ ಬಗೆಹರಿಯುವಂಥವಲ್ಲ ಎಂಬುದು ನನಗೂ ಗೊತ್ತು. ಶೃಂಗಸಭೆಗಳಲ್ಲಿ ಕೈಕುಲುಕಿ ತೆಗೆಸಿಕೊಳ್ಳುವ ಫೋಟೊಗಳ ಮೇಲೆ ಮೋಹವೂ ಇಲ್ಲ. ನನ್ನ ದೂರು ಅದಕ್ಕಿಂತ ಸಣ್ಣದು. ತಪ್ಪು ತಿಳಿವಳಿಕೆಯಿಂದ ಯುದ್ಧ ಹೊತ್ತಿಕೊಳ್ಳಬಾರದೆಂದು ತಮಗಿಂತ ಹಿಂದೆ ಆ ಕುರ್ಚಿಗಳಲ್ಲಿ ಕೂತಿದ್ದವರು ಕಷ್ಟಪಟ್ಟು ಕೆಲವು ಏರ್ಪಾಡುಗಳನ್ನು ಮಾಡಿಟ್ಟಿದ್ದರು: ನೇರ ದೂರವಾಣಿ, ಸಮರಾಭ್ಯಾಸಕ್ಕೂ ಕ್ಷಿಪಣಿ ಪರೀಕ್ಷೆಗೂ ಮುಂಚಿತ ಸೂಚನೆ, ಒಬ್ಬರ ಸೇನಾ ನೆಲೆಗೆ ಇನ್ನೊಬ್ಬರ ತಪಾಸಣಾ ತಂಡ. ಸಂಬಂಧ ಕೆಟ್ಟಾಗ ಕೈಗೆ ಸಿಗಲಿ ಎಂದೇ ಮಾಡಿದವು ಅವು. ಸಂಬಂಧ ಕೆಟ್ಟ ಕೂಡಲೇ ತಾವು ಮೊದಲು ನಿಲ್ಲಿಸುವುದೂ ಅವನ್ನೇ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ತಾವು ಅದನ್ನೂ ಮೀರಿದ್ದೀರಿ. ಬೆಂಕಿ ಬಿದ್ದಾಗ ಇದ್ದ ಬಾವಿಯನ್ನು ಮುಚ್ಚುತ್ತಿದ್ದೀರಿ.

ಆರೋಪ ಹೊರಿಸಿದವರು ಪುರಾವೆಯನ್ನೂ ಕೊಡಬೇಕು. ಮೊದಲು, ಈ ಏರ್ಪಾಡುಗಳು ಹೇಗೆ ಹುಟ್ಟಿದವು ಎಂಬುದನ್ನು ನೆನಪಿಸುತ್ತೇನೆ. ತಮ್ಮ ಇಲಾಖೆಗಳ ಕಡತಗಳಲ್ಲಿ ಎಲ್ಲವೂ ಇದೆ. ಆದರೆ ಇತ್ತೀಚಿನ ವರ್ಷಗಳ ನಡವಳಿಕೆ ನೋಡಿದರೆ ಆ ಕಡತಗಳನ್ನು ಯಾರೂ ಬಿಚ್ಚಿದಂತೆ ಕಾಣುವುದಿಲ್ಲ.

1962ರ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದಾಗ, ಜಗತ್ತನ್ನು ಸುಡುವಷ್ಟು ಬಾಂಬು ಇಟ್ಟುಕೊಂಡಿದ್ದ ಇಬ್ಬರು ನಾಯಕರಿಗೆ ಪರಸ್ಪರ ಮಾತಾಡಲು ನೇರ ದಾರಿಯೇ ಇರಲಿಲ್ಲ. ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ತಮ್ಮ ಗುಪ್ತ ಸಂದೇಶಗಳನ್ನು ವೆಸ್ಟರ್ನ್ ಯೂನಿಯನ್ ತಂತಿ ಕಚೇರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನ ಕೈಗೆ ಕೊಟ್ಟು ಕಳಿಸಬೇಕಾಗಿತ್ತು. ಆತ ದಾರಿಯಲ್ಲಿ ಎಲ್ಲೂ ನಿಂತು ಹರಟೆ ಹೊಡೆಯದಿರಲಿ ಎಂದು ಆಶಿಸುವುದಷ್ಟೇ ಉಳಿದಿತ್ತು. ಸೋವಿಯತ್ ನಾಯಕ ಕ್ರುಶ್ಚೇವ್ ಬರೆದ ಪತ್ರ ಅಮೆರಿಕದ ಅಧ್ಯಕ್ಷ ಕೆನಡಿಯ ಮೇಜಿಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಬರುವಷ್ಟರಲ್ಲಿ ಪರಿಸ್ಥಿತಿಯೇ ಬದಲಾಗಿರುತ್ತಿತ್ತು. ಕೊನೆಗೆ ಅಕ್ಟೋಬರ್ 28ರಂದು ಕ್ಷಿಪಣಿಗಳನ್ನು ಹಿಂದಕ್ಕೆ ಪಡೆಯುವ ತೀರ್ಮಾನವನ್ನು ಮಾಸ್ಕೋ ರೇಡಿಯೊದಲ್ಲೇ ಓದಿಸಿದರು. ಗುಪ್ತಲಿಪಿ ಬಿಡಿಸುವ ಹೊತ್ತೂ ಆಗ ದುಬಾರಿಯಾಗಿತ್ತು.

ಆ ಹೆದರಿಕೆ ಆರುವ ಮೊದಲೇ, 1963ರ ಜೂನ್ 20ರಂದು ಜಿನೀವಾದಲ್ಲಿ ಹಾಟ್‌ಲೈನ್ ಒಪ್ಪಂದಕ್ಕೆ ಸಹಿ ಬಿತ್ತು; ಆಗಸ್ಟ್ ಕೊನೆಗೆ ತಂತಿ ಜೀವ ಪಡೆಯಿತು. ಸಿನಿಮಾಗಳಲ್ಲಿ ತೋರಿಸುವ ಕೆಂಪು ಫೋನ್ ಅಲ್ಲ ಅದು, ಟೆಲಿಪ್ರಿಂಟರ್. ಮಾತಿನಲ್ಲಿ ಧ್ವನಿ ಏರಬಹುದು, ದುಭಾಷಿ ತಪ್ಪಬಹುದು, ಬರಹದಲ್ಲಾದರೆ ಓದಿ ಯೋಚಿಸಲು ಬಿಡುವು ಸಿಗುತ್ತದೆ ಎಂಬ ಲೆಕ್ಕಾಚಾರ. ನಾಲ್ಕು ವರ್ಷದಲ್ಲೇ ಅದರ ಬೆಲೆ ಗೊತ್ತಾಯಿತು. 1967ರ ಜೂನ್ 8ರಂದು, ಅರಬ್–ಇಸ್ರೇಲ್ ಯುದ್ಧದ ನಡುವೆ, ಅಮೆರಿಕದ ಲಿಬರ್ಟಿ ಎಂಬ ಹಡಗಿನ ಮೇಲೆ ದಾಳಿಯಾಯಿತು. ಮೆಡಿಟರೇನಿಯನ್ನಿನಲ್ಲಿದ್ದ ವಿಮಾನವಾಹಕ ನೌಕೆಯಿಂದ ಅಮೆರಿಕದ ಯುದ್ಧವಿಮಾನಗಳು ಹಾರಿದವು. ಸೋವಿಯತ್ತರ ರೇಡಾರಿಗೆ ಅದು ಅಮೆರಿಕ ಯುದ್ಧಕ್ಕೆ ಇಳಿದಂತೆಯೇ ಕಾಣುವ ಸಂಗತಿ. ವಿಮಾನಗಳು ಹೋಗುತ್ತಿರುವುದು ಹಡಗಿಗೆ ಏನಾಯಿತೆಂದು ನೋಡಲು ಮಾತ್ರ ಎಂದು ಅಧ್ಯಕ್ಷ ಜಾನ್ಸನ್ ಹಾಟ್‌ಲೈನಿನಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್‌ಗೆ ತಿಳಿಸಿದರು. ಇಬ್ಬರ ನಡುವೆ ಪ್ರೀತಿ ಹುಟ್ಟಿರಲಿಲ್ಲ. ವಿಯೆಟ್ನಾಂನಲ್ಲಿ ಒಬ್ಬರು ಬಾಂಬು ಹಾಕುತ್ತಿದ್ದರು, ಇನ್ನೊಬ್ಬರು ಆ ಬಾಂಬು ತಿನ್ನುತ್ತಿದ್ದವರಿಗೆ ಆಯುಧ ಕೊಡುತ್ತಿದ್ದರು. ಆದರೂ ತಂತಿ ಕೆಲಸ ಮಾಡಿತು. ಮಾಡಿದ್ದೇ ಅದಕ್ಕಾಗಿ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಮಹಾಶಕ್ತಿಗಳ ಗದ್ದಲದಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ. ಬ್ರೆಜಿಲ್ ಮತ್ತು ಅರ್ಜೆಂಟೀನಾ ದಕ್ಷಿಣ ಅಮೆರಿಕದ ಹಳೆಯ ಪೈಪೋಟಿಗಾರರು. 1970ರ ದಶಕದ ಕೊನೆಯಲ್ಲೂ 80ರ ದಶಕದ ಆರಂಭದಲ್ಲೂ ಎರಡೂ ಕಡೆ ಸೇನಾಡಳಿತ, ಎರಡೂ ಕಡೆ ಅಂತರರಾಷ್ಟ್ರೀಯ ತಪಾಸಣೆಗೆ ಸಿಗದ ಅಣು ಕಾರ್ಯಕ್ರಮ. ಎರಡೂ ದೇಶಗಳು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಹೊರಗೇ ಇದ್ದವು. ಬಾಂಬಿನ ಪೈಪೋಟಿಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿತ್ತು.

ಅಲ್ಲಿ ನಡೆದದ್ದು ನೋಡಿ. 1983ರಲ್ಲಿ ತಾನು ಯುರೇನಿಯಂ ಸಂವರ್ಧನೆ (ಅಣು ಇಂಧನಕ್ಕೂ ಬಾಂಬಿಗೂ ಒದಗುವಂತೆ ಯುರೇನಿಯಮ್ಮನ್ನು ಹದಗೊಳಿಸುವ ಕೆಲಸ) ಸಾಧಿಸಿದ್ದೇನೆ ಎಂದು ಪ್ರಕಟಿಸುವ ಮೊದಲು ಅರ್ಜೆಂಟೀನಾ ಆ ಸುದ್ದಿಯನ್ನು ಬ್ರೆಜಿಲ್ಲಿನ ಅಧ್ಯಕ್ಷರಿಗೆ ತಿಳಿಸಿತು. 1985ರ ನವೆಂಬರ್ 30ರಂದು ಇಬ್ಬರು ಹೊಸ ನಾಗರಿಕ ಅಧ್ಯಕ್ಷರು, ಅರ್ಜೆಂಟೀನಾದ ಅಲ್ಫೊನ್ಸಿನ್ ಮತ್ತು ಬ್ರೆಜಿಲ್ಲಿನ ಸಾರ್ನೆ, ಗಡಿಯ ಊರಾದ ಫೋಜ್ ದೊ ಇಗ್ವಾಸುವಿನಲ್ಲಿ ಅಣುನೀತಿಯ ಜಂಟಿ ಘೋಷಣೆಗೆ ಸಹಿ ಹಾಕಿದರು. 1987ರಲ್ಲಿ ಅಲ್ಫೊನ್ಸಿನ್ ತಮ್ಮ ದೇಶದ ಪಿಲ್ಕನಿಯೆವು ಸಂವರ್ಧನಾ ಘಟಕದ ಬಾಗಿಲನ್ನು ಬ್ರೆಜಿಲ್ಲಿನ ಅಧ್ಯಕ್ಷರಿಗೇ ತೆರೆದು ಒಳಗೆ ಕರೆದೊಯ್ದರು. ಯಾವ ಅಂತರರಾಷ್ಟ್ರೀಯ ತಪಾಸಕನೂ ಕಾಲಿಡದ ಜಾಗ ಅದು. ಅದೇ ವರ್ಷ ಬ್ರೆಜಿಲ್ ಕೂಡ ತನ್ನ ಸಂವರ್ಧನೆಯ ಸುದ್ದಿಯನ್ನು ಲೋಕಕ್ಕೆ ಹೇಳುವ ಮುನ್ನ ಅರ್ಜೆಂಟೀನಾಗೆ ಹೇಳಿತು. ಮರುವರ್ಷ ತನ್ನ ಘಟಕವನ್ನೂ ತೋರಿಸಿತು. 1991ರಲ್ಲಿ ಎರಡೂ ಸೇರಿ ಒಂದು ಜಂಟಿ ತಪಾಸಣಾ ಸಂಸ್ಥೆ ಕಟ್ಟಿದವು. ಅಬಾಕ್ ಎಂದು ಅದರ ಚಿಕ್ಕ ಹೆಸರು. ಬ್ರೆಜಿಲ್ಲಿನ ತಪಾಸಕರು ಅರ್ಜೆಂಟೀನಾದ ಘಟಕಗಳನ್ನು ನೋಡುತ್ತಾರೆ, ಅರ್ಜೆಂಟೀನಾದವರು ಬ್ರೆಜಿಲ್ಲಿನವನ್ನು ನೋಡುತ್ತಾರೆ. ಇಂದಿಗೂ.

ಯಾರೂ ಯಾರನ್ನೂ ಕಣ್ಣುಮುಚ್ಚಿ ನಂಬಿ ಎಂದು ಅಲ್ಲಿ ಹೇಳಲಿಲ್ಲ. ಕಣ್ಣುಬಿಟ್ಟು ನೋಡಿ ಎಂದರು. ಮೊದಲು ಒಂದು ಖಾಸಗಿ ಮಾತು, ಆಮೇಲೆ ಒಂದು ಭೇಟಿ, ಆಮೇಲೆ ಒಂದು ಸಂಸ್ಥೆ. ಹೆಜ್ಜೆ ಒಂದೊಂದೇ ಇಟ್ಟರು, ಪ್ರತಿ ಹೆಜ್ಜೆಯನ್ನೂ ಆಚೆಯವರು ಸ್ವತಃ ಪರೀಕ್ಷಿಸಬಹುದಾಗಿತ್ತು. ಅರ್ಜೆಂಟೀನಾ 1995ರಲ್ಲಿ, ಬ್ರೆಜಿಲ್ 1998ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿದಾಗ ಅಸಲಿ ಕೆಲಸ ಅದಾಗಲೇ ಮುಗಿದಿತ್ತು.

ಯುರೋಪಿನಲ್ಲಿ ಇದೇ ಕೆಲಸಕ್ಕೆ ಹೆಚ್ಚು ಕಾಲ ಹಿಡಿಯಿತು. 1986ರಲ್ಲಿ ಯುರೋಪಿನ ಭದ್ರತೆಯ ಬಗ್ಗೆ ನಡೆದ ಸ್ಟಾಕ್‌ಹೋಮ್ ಸಮ್ಮೇಳನಕ್ಕೆ ಸೋವಿಯತ್ ಸೇನಾ ಮುಖ್ಯಸ್ಥ ಮಾರ್ಷಲ್ ಅಖ್ರೊಮೆಯೆವ್ ತಾವೇ ಬಂದು ತಮ್ಮ ನೆಲದಲ್ಲಿ ತಪಾಸಣೆಗೆ ಒಪ್ಪಿದರು. ದಶಕಗಳ ಕಾಲ ತಪಾಸಣೆ ಎಂದರೆ ಬೇಹುಗಾರಿಕೆ ಎನ್ನುತ್ತಿದ್ದ ಸೇನೆಯ ಮುಖ್ಯಸ್ಥರ ಬಾಯಿಂದ ಬಂದ ಮಾತು ಅದು. ಮರುವರ್ಷದ ಡಿಸೆಂಬರಿನಲ್ಲಿ ರೇಗನ್ ಮತ್ತು ಗೊರ್ಬಚೆವ್ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ನಾಶಮಾಡುವ ಐಎನ್‌ಎಫ್ ಒಪ್ಪಂದಕ್ಕೆ ಸಹಿ ಹಾಕಿದರು. 1991ರ ಹೊತ್ತಿಗೆ 2,692 ಕ್ಷಿಪಣಿಗಳು ಪುಡಿಯಾಗಿದ್ದವು. ಅಮೆರಿಕದ ತಪಾಸಕರು ರಷ್ಯಾದ ವೋಟ್ಕಿನ್ಸ್ಕ್ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲಿ, ಅವರ ತಪಾಸಕರು ಅಮೆರಿಕದ ಯೂಟಾದ ಕಾರ್ಖಾನೆಯ ಗೇಟಿನಲ್ಲಿ ಹದಿಮೂರು ವರ್ಷ ಕಾವಲು ಕೂತರು. ಮಧ್ಯೆ ಒಂದು ದೇಶವೇ ಕುಸಿದುಬಿದ್ದರೂ ಗೇಟಿನ ಕಾವಲು ನಿಲ್ಲಲಿಲ್ಲ.

ಈಗ ತಮ್ಮ ಕಾಲಕ್ಕೆ ಬರುತ್ತೇನೆ.

ಆ ಐಎನ್‌ಎಫ್ ಒಪ್ಪಂದ 2019ರ ಆಗಸ್ಟ್ 2ರಂದು ಸತ್ತಿತು. ಒಬ್ಬರ ಮೇಲೊಬ್ಬರು ಉಲ್ಲಂಘನೆಯ ಆರೋಪ ಹೊರಿಸಿದರು. ಆರೋಪ ನಿಜವೋ ಸುಳ್ಳೋ ಎಂದು ನೋಡಲು ಹೊಸ ತಪಾಸಣೆ ಏರ್ಪಡಿಸುವ ಬದಲು ಒಪ್ಪಂದವನ್ನೇ ಮುಗಿಸಿದರು. ಒಬ್ಬರ ಆಕಾಶದಲ್ಲಿ ಇನ್ನೊಬ್ಬರ ನಿಶ್ಶಸ್ತ್ರ ವಿಮಾನ ಹಾರಿ ಫೋಟೊ ತೆಗೆಯಲು ಅವಕಾಶ ಕೊಟ್ಟಿದ್ದ ಓಪನ್ ಸ್ಕೈಸ್ ಒಪ್ಪಂದದಿಂದ 2020ರಲ್ಲಿ ಅಮೆರಿಕ ಹೊರನಡೆಯಿತು, 2021ರಲ್ಲಿ ರಷ್ಯಾ. ಸಾವಿರದೈನೂರಕ್ಕೂ ಹೆಚ್ಚು ಹಾರಾಟಗಳಾಗಿದ್ದ ಏರ್ಪಾಡು ಅದು. 2022ರ ಫೆಬ್ರವರಿಯಲ್ಲಿ ಗಡಿಯಾಚೆ ಜಮಾಯಿಸಿದ್ದ ರಷ್ಯಾದ ಸೇನೆಯ ಬಗ್ಗೆ, ಸೇನಾ ಚಲನವಲನದ ಮಾಹಿತಿ ಹಂಚಿಕೊಳ್ಳುವ ವಿಯೆನ್ನಾ ದಸ್ತಾವೇಜಿನ ಪ್ರಕಾರ ವಿವರಣೆ ಕೊಡಿ ಎಂದು ಉಕ್ರೇನ್ ಕೇಳಿತು. 48 ಗಂಟೆಗಳಲ್ಲಿ ಬರಬೇಕಾಗಿದ್ದ ಉತ್ತರ ರಷ್ಯಾದಿಂದ ಬರಲೇ ಇಲ್ಲ. ಬಂದದ್ದು ಸೇನೆ. ಅಮೆರಿಕ–ರಷ್ಯಾ ನಡುವೆ ಉಳಿದಿದ್ದ ಕೊನೆಯ ಅಣ್ವಸ್ತ್ರ ಮಿತಿ ಒಪ್ಪಂದವಾದ ನ್ಯೂ ಸ್ಟಾರ್ಟ್‌ನಲ್ಲಿ ವರ್ಷಕ್ಕೆ 18 ಸ್ಥಳ ತಪಾಸಣೆಗೆ ಅವಕಾಶವಿತ್ತು. 2020ರಲ್ಲಿ ಕೋವಿಡ್ ನೆಪದಿಂದ ನಿಂತ ತಪಾಸಣೆ ಮತ್ತೆ ಶುರುವಾಗಲಿಲ್ಲ. 2023ರ ಫೆಬ್ರವರಿಯಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. ಒಪ್ಪಂದದಲ್ಲಿ ಬರೆದಿದ್ದ ಅವಧಿಯ ಕೊನೆಯ ದಿನ 2026ರ ಫೆಬ್ರವರಿ 5.

ಒಂದೇ ಕಡೆಯವರನ್ನು ದೂರುತ್ತಿದ್ದೇನೆ ಎನ್ನಬೇಡಿ. 2022ರ ಆಗಸ್ಟಿನಲ್ಲಿ ಅಮೆರಿಕದ ಸಂಸತ್ತಿನ ಸ್ಪೀಕರ್ ತೈವಾನಿಗೆ ಹೋಗಿ ಬಂದರೆಂದು ಚೀನಾ ಸಿಟ್ಟಾಯಿತು. ಸಿಟ್ಟಿಗೆ ಕಾರಣ ಇರಬಹುದು, ಅದು ಬೇರೆ ಚರ್ಚೆ. ಆದರೆ ಶಿಕ್ಷೆಯೆಂದು ಅದು ಆರಿಸಿಕೊಂಡದ್ದು ಸೇನಾ ಕಮಾಂಡರುಗಳ ನಡುವಿನ ಮಾತುಕತೆಯನ್ನು ರದ್ದು ಮಾಡುವುದನ್ನು. ಆರು ತಿಂಗಳ ಬಳಿಕ ಚೀನಾದ ಬಲೂನೊಂದು ಅಮೆರಿಕದ ಮೇಲೆ ತೇಲಿ ಬಂದು, ಅದನ್ನು ಹೊಡೆದುರುಳಿಸಿದ ದಿನ, ಅಮೆರಿಕದ ರಕ್ಷಣಾ ಸಚಿವರು ಮಾತಾಡಬೇಕೆಂದರೆ ಆಚೆಯ ಸಚಿವರು ಒಪ್ಪಲಿಲ್ಲ. ಮಾತು ಮತ್ತೆ ಶುರುಮಾಡಲು ಒಪ್ಪಿದ್ದು 2023ರ ನವೆಂಬರಿನಲ್ಲಿ, ಇಬ್ಬರು ಅಧ್ಯಕ್ಷರು ಮುಖಾಮುಖಿಯಾದ ಮೇಲೆ. ಹದಿನೈದು ತಿಂಗಳು! ಎರಡೂ ದೇಶಗಳ ಯುದ್ಧನೌಕೆಗಳು, ವಿಮಾನಗಳು ಒಂದೇ ಸಮುದ್ರದಲ್ಲಿ ಮೂಗಿಗೆ ಮೂಗು ತಾಗುವಂತೆ ಓಡಾಡುತ್ತಿದ್ದ ಹದಿನೈದು ತಿಂಗಳು. ಕೊರಿಯಾದಲ್ಲಂತೂ 2023ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ದಿನನಿತ್ಯದ ಕರೆಗೆ ಉತ್ತರಿಸುವುದನ್ನೇ ಉತ್ತರ ಕೊರಿಯಾದವರು ನಿಲ್ಲಿಸಿದರು. ಅದಕ್ಕೂ ಮುನ್ನ, 2020ರ ಜೂನ್‌ನಲ್ಲಿ, ಇಬ್ಬರೂ ಕೂತು ಮಾತಾಡಲು ಕೇಸಾಂಗ್‌ನಲ್ಲಿ ಕಟ್ಟಿದ್ದ ಸಂಪರ್ಕ ಕಚೇರಿಯನ್ನು ಸ್ಫೋಟಕ ಇಟ್ಟು ಉರುಳಿಸಿದ್ದರು. ಬಾಗಿಲು ಮುಚ್ಚುವುದಕ್ಕೂ ಒಂದು ಮರ್ಯಾದೆ ಬೇಡವೆ?

ಭಾರತ, ಪಾಕಿಸ್ತಾನಗಳ ಮಾತಿಗೆ ಬಂದರೆ ಅಲ್ಲಿ ಎರಡೂ ಪಾಠಗಳಿವೆ. 1988ರ ಡಿಸೆಂಬರ್ 31ರಂದು ಎರಡೂ ದೇಶಗಳು ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಒಪ್ಪಿಕೊಂಡವು. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧದ ನಂತರವೂ ಬದಲಾಯಿಸಿಕೊಂಡವು. ಸಂಸತ್ತಿನ ಮೇಲೆ ದಾಳಿಯಾಗಿ ಲಕ್ಷಗಟ್ಟಲೆ ಸೈನಿಕರು ಗಡಿಗೆ ಬಂದು ನಿಂತಿದ್ದ 2002ರ ಹೊಸ ವರ್ಷದ ದಿನವೂ, ಮುಂಬೈ ದಾಳಿಯ ಗಾಯ ಹಸಿಯಾಗಿದ್ದ 2009ರಲ್ಲೂ ಪಟ್ಟಿ ತಪ್ಪಲಿಲ್ಲ. ಪಟ್ಟಿಯಲ್ಲಿ ಎಲ್ಲವೂ ಇದೆಯೇ ಎಂದು ಎರಡೂ ಕಡೆ ಅನುಮಾನ ಇದ್ದೇ ಇದೆ, ಅದನ್ನು ಹೋಗಿ ನೋಡುವ ತಪಾಸಣೆಯೂ ಇಲ್ಲ. ಹಾಗಿದ್ದೂ ಇಷ್ಟು ವರ್ಷ ಮುರಿಯದ ಒಂದು ಅಭ್ಯಾಸ ಉಳಿದಿದೆ ಎಂಬುದು ಸಣ್ಣ ಮಾತಲ್ಲ.

2025ರ ಮೇ ತಿಂಗಳಲ್ಲಿ, ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯ ನಂತರ, ಎರಡೂ ದೇಶಗಳ ನಡುವೆ ಕ್ಷಿಪಣಿ, ಡ್ರೋನುಗಳು ಹಾರಿದ ಆ ನಾಲ್ಕು ದಿನ ಲಕ್ಷಾಂತರ ಜನರಂತೆ ನಾನೂ ಟಿವಿ ಮುಂದೆ ಕೂತಿದ್ದೆ. ಒಂದು ರಾತ್ರಿ ಸ್ಟುಡಿಯೊಗಳಲ್ಲಿ ಕರಾಚಿ ಬಂದರು ನಾಶವಾಗಿಬಿಟ್ಟಿತು. ಬೆಳಿಗ್ಗೆ ನೋಡಿದರೆ ಬಂದರು ಇದ್ದಲ್ಲೇ ಇತ್ತು. ಆಚೆಯ ವಾಹಿನಿಗಳೂ ಇದಕ್ಕೆ ಕಡಿಮೆ ಇರಲಿಲ್ಲ ಎಂದು ಕೇಳಿದ್ದೇನೆ. ಈ ಗದ್ದಲ ನಿಂತದ್ದು ಹೇಗೆ? ತೆರೆಯ ಹಿಂದೆ ಬೇರೆ ದೇಶಗಳ ಒತ್ತಡ ಎಷ್ಟಿತ್ತು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ (ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕ) ಭಾರತದ ಡಿಜಿಎಂಒಗೆ ಫೋನ್ ಮಾಡಿದರು ಎಂದೂ, ಸಂಜೆ 5ರಿಂದ ಗುಂಡು ನಿಲ್ಲಿಸಲು ಒಪ್ಪಿದರು ಎಂದೂ ಭಾರತದ ವಿದೇಶಾಂಗ ಕಾರ್ಯದರ್ಶಿ ಪ್ರಕಟಿಸಿದರು. ಆ ಫೋನ್ ಇಲ್ಲದಿದ್ದರೆ ಯಾರು ಯಾರಿಗೆ ಏನು ಹೇಳಬೇಕಿತ್ತು? ಟಿವಿ ನಿರೂಪಕರ ಮೂಲಕವೆ? ಅದಕ್ಕೂ ಮುನ್ನ, ಆ ಹತ್ಯೆಯ ಬೆನ್ನಿಗೇ, ಮೂರು ಯುದ್ಧಗಳನ್ನು ದಾಟಿ ಬಂದಿದ್ದ 1960ರ ಸಿಂಧೂ ಜಲ ಒಪ್ಪಂದ ಅಮಾನತಿಗೆ ಹೋಯಿತು. ಭಯೋತ್ಪಾದನೆಗೆ ನೆಲ ಕೊಟ್ಟವರಿಗೆ ಬೆಲೆ ತೆರಿಸಬೇಕು ಎಂಬ ಭಾರತದ ಆಕ್ರೋಶ ಅರ್ಥವಾಗದ್ದಲ್ಲ, ಅದರಲ್ಲಿ ನ್ಯಾಯವೂ ಇದೆ. ನನ್ನ ಆತಂಕ ಅದರೊಳಗಿನ ಒಂದು ಸಣ್ಣ ಭಾಗದ ಬಗ್ಗೆ ಮಾತ್ರ: ಪ್ರವಾಹದ ಮಾಹಿತಿ ಹಂಚಿಕೊಳ್ಳುವ, ಎಂಜಿನಿಯರುಗಳು ವರ್ಷಕ್ಕೊಮ್ಮೆ ಕೂತು ಮಾತಾಡುವ ಕ್ರಮ. ಅದು ನಿಂತರೆ ಮತ್ತೆ ಕಟ್ಟಲು ಎಷ್ಟು ಕಾಲ ಬೇಕೋ.

ಇಲ್ಲಿ ತಾವು ಒಂದು ಮಾತು ಹೇಳುತ್ತೀರಿ ಎಂದು ಗೊತ್ತು. "ನಾವು ನಂಬಿದೆವು, ಅವರು ಬೆನ್ನಿಗೆ ಇರಿದರು." ಸುಳ್ಳಲ್ಲ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಘೋಷಣೆಗೆ ಸಹಿ ಹಾಕಿದರು. ಮೇ ಹೊತ್ತಿಗೆ ಕಾರ್ಗಿಲ್ಲಿನ ಬೆಟ್ಟಗಳಲ್ಲಿ ನುಸುಳುಕೋರರು ಕೂತಿದ್ದು ಬಯಲಾಯಿತು. ಇದಕ್ಕಿಂತ ದೊಡ್ಡ ವಿಶ್ವಾಸದ್ರೋಹದ ಉದಾಹರಣೆ ಹುಡುಕಬೇಕಿಲ್ಲ. ಆದರೆ ಕಥೆಯ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. ಕ್ಷಿಪಣಿ ಪರೀಕ್ಷೆಗೆ ಮುನ್ನ ಪರಸ್ಪರ ತಿಳಿಸಬೇಕು ಎಂಬ ಅಂಶ ಲಾಹೋರಿನ ಅದೇ ಕಾಗದಗಳಲ್ಲಿತ್ತು. 2005ರ ಅಕ್ಟೋಬರ್‌ನಲ್ಲಿ ಅದೇ ಅಂಶ ಒಪ್ಪಂದವಾಗಿ ಜಾರಿಯ ಹಾದಿ ಹಿಡಿಯಿತು: ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿಗಳ ಪರೀಕ್ಷೆಗೆ ಕನಿಷ್ಠ ಮೂರು ದಿನ ಮೊದಲು ಸೂಚನೆ. ದ್ರೋಹವಾದ ಮೇಲೂ ಕಾಗದ ಬದುಕಿತ್ತು, ಕೆಲಸಕ್ಕೆ ಬಂತು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನಿಗೆ ಭರವಸೆ ಕೊಟ್ಟಿದ್ದರಲ್ಲ? ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟರೆ ಗಡಿಗಳನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದವು. 2014ರಲ್ಲಿ ಕ್ರೈಮಿಯಾ ಹೋಯಿತು. ಇದನ್ನು ಕಂಡ ಯಾವ ಸಣ್ಣ ದೇಶ ತಾನೆ ಇನ್ನು ಮುಂದೆ ನಂಬೀತು? ಒಪ್ಪುತ್ತೇನೆ. ಆದರೆ ಆ ದಸ್ತಾವೇಜನ್ನು ತೆರೆದು ನೋಡಿ. ಉಲ್ಲಂಘನೆಯಾದರೆ ಯಾರು ಪರೀಕ್ಷಿಸಬೇಕು, ಯಾರು ಏನು ಮಾಡಬೇಕು ಎಂಬ ಏರ್ಪಾಡು ಅದರಲ್ಲಿ ಇಲ್ಲವೇ ಇಲ್ಲ. ಸಮಾಲೋಚನೆ ನಡೆಸುತ್ತೇವೆ ಎಂಬ ಮಾತಿಗೆ ನಿಂತಿತು. ವೋಟ್ಕಿನ್ಸ್ಕ್ ಗೇಟಿನ ಕಾವಲಿಗೂ ಬುಡಾಪೆಸ್ಟಿನ ಸಹಿಗೂ ಇರುವ ಅಂತರ ಇದೇ. ನಾನು ಕೇಳುತ್ತಿರುವುದು ಗೇಟಿನ ಕಾವಲನ್ನು.

ಭಾರತ–ಚೀನಾ ಗಡಿ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. 1996ರ ಒಪ್ಪಂದದ ಪ್ರಕಾರ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ಭಾರತದ 20 ಯೋಧರು ಸತ್ತರು. ದೊಣ್ಣೆ, ಕಲ್ಲುಗಳಿಂದ ಬಡಿದಾಡಿದ ಹೋರಾಟ ಅದು, ಬಂದೂಕು ಹಾರಲಿಲ್ಲ. ಗುಂಡು ಬೇಡ ಎಂಬ ನಿಯಮ ಆ ರಾತ್ರಿಯೂ ಉಳಿಯಿತು ಎಂದರೆ ಕ್ರೂರವಾಗಿ ಕೇಳಿಸುತ್ತದೆ, ಆದರೆ ಅದು ಉಳಿಯದಿದ್ದರೆ ಸಂಖ್ಯೆ ಎಲ್ಲಿಗೆ ಹೋಗುತ್ತಿತ್ತು ಎಂದು ಯೋಚಿಸಿ. ಮುರಿದದ್ದು ಬೇರೆ ಭಾಗ: ಸೇನೆ ಜಮಾಯಿಸಬಾರದು ಎಂಬ ಮಾತು, ಮತ್ತು ರೇಖೆ ಎಲ್ಲಿದೆ ಎಂದು ನಕ್ಷೆ ಬದಲಾಯಿಸಿಕೊಳ್ಳುವ ಮಾತು. ಮಧ್ಯ ವಲಯವೊಂದನ್ನು ಬಿಟ್ಟರೆ ಆ ನಕ್ಷೆಗಳ ವಿನಿಮಯ ಪೂರ್ಣವಾಗಲೇ ಇಲ್ಲ. ಎಲ್ಲಿ ಅಸ್ಪಷ್ಟತೆ ಬಿಟ್ಟರೋ ಅಲ್ಲೇ ರಕ್ತ ಬಿತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ ಮುಂದಿನ ಯುದ್ಧ ಯಾರಾದರೂ ಬಯಸಿಯೇ ಆಗಬೇಕೆಂದಿಲ್ಲ. 1983ರ ಸೆಪ್ಟೆಂಬರ್ 26ರ ನಡುರಾತ್ರಿ ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿ ಹಾರಿವೆ ಎಂದು ಎಚ್ಚರಿಸಿತು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಅದು ಕ್ಷಿಪಣಿ ಎಂದುಕೊಂಡಿತ್ತು. ಕಾವಲಿನಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದರು. ಅದೇ ತಿಂಗಳ ಮೊದಲ ದಿನ ಸೋವಿಯತ್ ಯುದ್ಧವಿಮಾನ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದು 269 ಮಂದಿಯನ್ನು ಕೊಂದಿತ್ತು. ಎರಡೂ ಕಡೆ ಕೈಗಳು ಗುಂಡಿಯ ಮೇಲಿದ್ದ ಕಾಲ.

1995ರ ಜನವರಿ 25ರಂದು ನಾರ್ವೆಯ ಆಂಡೋಯಾದಿಂದ ವಿಜ್ಞಾನಿಗಳು ಉತ್ತರ ಧ್ರುವದ ಬೆಳಕನ್ನು ಅಧ್ಯಯನ ಮಾಡಲು ಒಂದು ರಾಕೆಟ್ ಹಾರಿಸಿದರು. ರಷ್ಯಾಕ್ಕೆ ಮೊದಲೇ ತಿಳಿಸಿದ್ದರು. ಆದರೆ ಆ ಸೂಚನೆ ಯಾವುದೋ ಮೇಜಿನ ಮೇಲೆ ಕೂತುಬಿಟ್ಟಿತು, ರೇಡಾರ್ ಮುಂದೆ ಕೂತವರಿಗೆ ತಲುಪಲಿಲ್ಲ. ಅಣ್ವಸ್ತ್ರ ದಾಳಿಗೆ ಆದೇಶ ಕೊಡಲು ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಅವರ ಬಳಿ ಇದ್ದ ಪೆಟ್ಟಿಗೆ ಚಾಲೂ ಆಯಿತು. 2022ರ ಮಾರ್ಚ್ 9ರಂದು ಭಾರತದ ಕ್ಷಿಪಣಿಯೊಂದು ನಿರ್ವಹಣೆಯ ವೇಳೆ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ, ಅದರಲ್ಲಿ ಸಿಡಿತಲೆಯೂ ಇರಲಿಲ್ಲ. ಆದರೆ ಅದು ನಮ್ಮದೇ, ಆಕಸ್ಮಿಕ ಎಂದು ಭಾರತ ಪ್ರಕಟಿಸಿದ್ದು ಎರಡು ದಿನದ ನಂತರ, ಅದೂ ಪಾಕಿಸ್ತಾನ ಪತ್ರಿಕಾಗೋಷ್ಠಿ ನಡೆಸಿದ ಮೇಲೆ. ತಂತಿ ಇತ್ತು. ತಕ್ಷಣ ಬಳಸಲಿಲ್ಲ ಎಂಬುದು ಪಾಕಿಸ್ತಾನದ ದೂರಾಗಿತ್ತು, ಅದು ಸಕಾರಣದ ದೂರು.

ಆದ್ದರಿಂದ ತಮ್ಮಲ್ಲಿ ನನ್ನ ಮನವಿಗಳು ಇವು.

ಸಂಪರ್ಕ ಮಾರ್ಗಗಳನ್ನು ಶಿಕ್ಷೆಯ ಪಟ್ಟಿಯಿಂದ ತೆಗೆಯಿರಿ. ವೀಸಾ ನಿಲ್ಲಿಸಿ, ರಾಯಭಾರಿಯನ್ನು ವಾಪಸು ಕರೆಸಿ, ವ್ಯಾಪಾರ ಬಂದ್ ಮಾಡಿ. ಅವೆಲ್ಲ ಸರ್ಕಾರಗಳ ಹಕ್ಕು. ಸೇನೆಗಳ ನಡುವಿನ ಫೋನ್ ಮಾತ್ರ ಯಾವ ರಾಜಕೀಯ ಆದೇಶದಿಂದಲೂ ನಿಲ್ಲಬಾರದು ಎಂದು ಒಪ್ಪಂದದಲ್ಲೇ ಬರೆಯಿರಿ. ಹೊಸ ಒಪ್ಪಂದ ಬರೆಯುವಾಗ ಇನ್ನೊಂದು ಸಾಲು ಸೇರಿಸಿ: ತಪಾಸಣೆ ಅಥವಾ ಸೂಚನೆಯನ್ನು ಅಮಾನತು ಮಾಡಬೇಕೆಂದರೆ ಆರು ತಿಂಗಳ ಮೊದಲು ಹೇಳಬೇಕು, ಬಿಕ್ಕಟ್ಟಿನ ನಡುವೆ ಹೇಳುವಂತಿಲ್ಲ. ಸಿಟ್ಟು ಆರು ತಿಂಗಳು ಉಳಿಯುತ್ತದೆಯೇ ಎಂದು ಆಗ ನೋಡೋಣ.

ಸೂಚನೆ ರೇಡಾರ್ ಮುಂದೆ ಕೂತವರಿಗೆ ತಲುಪಿತು ಎಂಬುದಕ್ಕೆ ಸಹಿ ಬೇಕು. ರಾಯಭಾರ ಕಚೇರಿಗೆ ಕಾಗದ ಕೊಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಆಂಡೋಯಾದಲ್ಲೇ ಸೋತಿದೆ. ಅಪಘಾತವಾದರೆ ಮೊದಲ ಗಂಟೆಯಲ್ಲೇ ಹೇಳಿಬಿಡಿ. ಮುಜುಗರವಾಗುತ್ತದೆ, ಹೌದು. ಸಮುದ್ರದ ಮೇಲೆ ಎದುರಾಗುವ ನೌಕೆಗಳಿಗೆ 1972ರಲ್ಲೇ ಅಮೆರಿಕ, ಸೋವಿಯತ್ ಒಕ್ಕೂಟಗಳು ನಡವಳಿಕೆಯ ನಿಯಮ ಬರೆದುಕೊಂಡವು: ಇನ್ನೊಬ್ಬರ ಹಡಗಿನ ಕಡೆಗೆ ತೋಪು ಗುರಿಯಿಟ್ಟು ದಾಳಿಯ ನಟನೆ ಮಾಡಬಾರದು, ಹಡಗು ನಡೆಸುವವರ ಕೋಣೆಯ ಮೇಲೆ ಪ್ರಖರ ಬೆಳಕು ಬಿಡಬಾರದು ಎಂಬಂಥ ನಿಯಮಗಳು. ಡ್ರೋನುಗಳಿಗೆ, ಸೈಬರ್ ದಾಳಿಗಳಿಗೆ, ತಾನೇ ಗುರಿ ಆರಿಸುವ ಯಂತ್ರಗಳಿಗೆ ಅಂಥ ನಿಯಮ ಎಲ್ಲಿದೆ? 2024ರ ನವೆಂಬರ್‌ನಲ್ಲಿ ಲೀಮಾದಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಎಂದು ಒಪ್ಪಿದರು. ಒಂದು ವಾಕ್ಯ, ಆದರೆ ಒಳ್ಳೆಯ ವಾಕ್ಯ. ಅದನ್ನು ಎಲ್ಲ ಅಣ್ವಸ್ತ್ರ ರಾಷ್ಟ್ರಗಳೂ ಬರೆದುಕೊಡಲಿ, ತಪಾಸಣೆ ಹೇಗೆ ಎಂಬುದನ್ನೂ ಜೊತೆಗೇ ಬರೆಯಲಿ.

ಮೂರನೆಯದು ನಮಗೆ, ಜನರಿಗೆ, ಬರಬೇಕಾದ ಲೆಕ್ಕ. ಈ ಏರ್ಪಾಡುಗಳು ಕತ್ತಲಲ್ಲಿ ಹುಟ್ಟಿ ಕತ್ತಲಲ್ಲೇ ಸಾಯುತ್ತವೆ. ಓಪನ್ ಸ್ಕೈಸ್ ಹೋದಾಗ ಬೀದಿಗಿಳಿದವರು ಯಾರು? ಯಾರೂ ಇಲ್ಲ, ಏಕೆಂದರೆ ಇತ್ತು ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ವೈರಿ ದೇಶದ ಜೊತೆ ಮಾತಾಡುವ ಅಧಿಕಾರಿಯನ್ನು ದೇಶದ್ರೋಹಿ ಎನ್ನುವ ಗದ್ದಲ ಸುಲಭವಾಗಿ ಏಳುವುದೂ ಇದರಿಂದಲೇ. ವಾಹಿನಿಗಳಲ್ಲಿ ಕೂಗುವವರಿಗೂ, ಅದನ್ನು ಚಪ್ಪಾಳೆ ತಟ್ಟಿ ಹಂಚಿಕೊಳ್ಳುವ ನಮಗೂ ಇದರಲ್ಲಿ ಪಾಲಿದೆ. ಗುಟ್ಟು ಗುಟ್ಟಾಗಿಯೇ ಇರಲಿ. ಎಷ್ಟು ಬಾರಿ ಕರೆ ಮಾಡಿದಿರಿ, ಎಷ್ಟು ಸೂಚನೆ ಕೊಟ್ಟಿರಿ, ಎಷ್ಟು ಪಡೆದಿರಿ, ಎಷ್ಟು ತಪಾಸಣೆ ನಡೆಯಿತು ಎಂಬ ಸಂಖ್ಯೆಗಳನ್ನಾದರೂ ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಿ. ನ್ಯೂ ಸ್ಟಾರ್ಟ್ ನಡೆಯುತ್ತಿದ್ದ ಕಾಲದಲ್ಲಿ ಇಂಥ ಸಂಖ್ಯೆಗಳು ಪ್ರಕಟವಾಗುತ್ತಿದ್ದವು, ಯಾವ ದೇಶದ ಭದ್ರತೆಯೂ ಅದರಿಂದ ಕುಸಿಯಲಿಲ್ಲ.

ಈ ಪತ್ರಕ್ಕೆ ತಾವು ನನಗೆ ಉತ್ತರ ಬರೆಯಬೇಕಿಲ್ಲ. ತಮ್ಮ ತಮ್ಮ ಸಂಸತ್ತಿನಲ್ಲಿ ಯಾವ ಪಕ್ಷದ ಸದಸ್ಯರಾದರೂ ಸರಿ, ಮುಂದಿನ ಅಧಿವೇಶನದಲ್ಲಿ ಎರಡು ಪ್ರಶ್ನೆ ಕೇಳಲಿ ಎಂದು ಕೋರುತ್ತೇನೆ. ವೈರಿ ದೇಶದ ಜೊತೆಗಿನ ಹಾಟ್‌ಲೈನನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವ ದಿನ? ಆಚೆ ಕಡೆ ಎತ್ತಿದರೇ? ಉತ್ತರವನ್ನು ಲಿಖಿತವಾಗಿ, ದಿನಾಂಕ ಸಮೇತ ಸದನದ ಮುಂದಿಡಬೇಕೆಂದು ವಿನಂತಿ.

ಇಂತಿ,
ಒಬ್ಬ ನಾಗರಿಕ